ಮುಯ್ಯಾಳು

ನಾನು ಡ್ರೈವರ್ ಬರೆಯುತ್ತೇನೆ ಎಂದು ಮೊದಲ ಸಲ ಹೇಳಿದಾಗ ಅಮ್ಮ ಗಾಬರಿಯಾಗಿದ್ದಳು. ಪಿಎಚ್‌ಡಿಗೆ ಸೇರಿದ ಮಗಳು ಯಾವ ಬಸ್ಸಿನ ಡ್ರೈವರನ ಬಗ್ಗೆ ಬರೆಯುತ್ತಾಳೆ ಎಂಬುದು ಅವಳ ಚಿಂತೆ. ಕಂಪ್ಯೂಟರಿನ ಒಳಗೂ ಡ್ರೈವರ್ ಇರುತ್ತದೆ, ಕೀಬೋರ್ಡು, ಕ್ಯಾಮೆರಾಗಳ ಜೊತೆ ಮಾತಾಡುವುದು ಅದರ ಕೆಲಸ ಎಂದು ವಿವರಿಸಿದೆ. "ಹಂಗಾದ್ರೆ ಎರಡು ಕಡೆಗೂ ಮಾತು ಸಾಗಿಸೋ ದಲ್ಲಾಳಿ ಅನ್ನು" ಎಂದಳು. ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರುಮಾಡಿದ ಲಿನಕ್ಸ್ ಕರ್ನಲ್‌ನಲ್ಲಿ ಇವತ್ತು ಅರ್ಧಕ್ಕಿಂತ ಹೆಚ್ಚು ಭಾಗ ಇಂಥ ಡ್ರೈವರುಗಳೇ. ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ತಿದ್ದುಪಡಿಗೆ ಪ್ಯಾಚ್ ಎನ್ನುತ್ತಾರೆ, ಅಂದರೆ ತೇಪೆ. ತೇಪೆ ಹಾಕುವುದು ಕಷ್ಟವಲ್ಲ. ಜಗತ್ತಿನ ಎಲ್ಲ ಯಂತ್ರಗಳೂ ಯಾರೊಬ್ಬರ ಮೇಜಿನ ಮೇಲೂ ಇರುವುದಿಲ್ಲ ಎಂಬುದೇ ಕಷ್ಟ.

ಬೆಳೆಯ ಎಲೆಗಳ ನಡುವೆ ಎಷ್ಟು ಬೆಳಕು ಇಳಿಯುತ್ತದೆ ಎಂದು ಅಳೆಯುವ ಪುಟ್ಟ ಪೆಟ್ಟಿಗೆ ನನ್ನ ಸಂಶೋಧನೆಯ ವಸ್ತು. ಅದರಲ್ಲಿದ್ದ ಬೆಳಕಿನ ಸೆನ್ಸರ್ ಹೊಸದು. ಅದೇ ವಂಶದ ಹಳೆಯ ಚಿಪ್‌ಗೆ ಕರ್ನಲ್‌ನಲ್ಲಿ ಡ್ರೈವರ್ ಇತ್ತು. ಹೊಸದನ್ನು ಅದಕ್ಕೆ ಸೇರಿಸಲು ಮೂರು ಪ್ಯಾಚ್ ಬೇಕಾದವು: ಚಿಪ್ಪನ್ನು ಹೇಗೆ ವರ್ಣಿಸಬೇಕು ಎಂಬ ಒಪ್ಪಂದದ ಕಡತ, ಡ್ರೈವರಿನ ತಿದ್ದುಪಡಿ, ಅದು ಕೂತ ಬೋರ್ಡಿನ ವಿವರ. ಮೂರನ್ನೂ ನೋಡುವವರು ಬೇರೆ ಬೇರೆ. ಯಾವುದಕ್ಕೆ ಯಾರು ಎಂದು ಮೇಂಟೇನರ್ಸ್ ಎಂಬ ಉದ್ದನೆಯ ಕಡತದಲ್ಲಿ ಬರೆದಿರುತ್ತದೆ. ಪ್ಯಾಚ್ ಹೋಗಬೇಕಾದದ್ದು ಬಣ್ಣ, ಲಗತ್ತು ಯಾವುದೂ ಇಲ್ಲದ ಸಾದಾ ಇಮೇಲ್‌ನಲ್ಲಿ. ಕೊನೆಗೆ ಸೈನ್ಡ್-ಆಫ್-ಬೈ ಎಂದು ನಮ್ಮ ಹೆಸರು. ಇದನ್ನು ಕೊಡುವ ಹಕ್ಕು ನನಗಿದೆ ಎಂಬ ಒಪ್ಪಿಗೆ ಅದು. 2004ರಿಂದ ಬಂದ ಪದ್ಧತಿ.

ಕಾಲಕ್ಕೂ ಒಂದು ಲೆಕ್ಕವಿದೆ. ಒಂಬತ್ತು-ಹತ್ತು ವಾರಕ್ಕೊಮ್ಮೆ ಹೊಸ ಕರ್ನಲ್ ಬರುತ್ತದೆ. ಹೊಸದು ಒಳಗೆ ಬರಲು ಮೊದಲ ಎರಡು ವಾರ ಮಾತ್ರ ಬಾಗಿಲು ತೆರೆದಿರುತ್ತದೆ. ಆಮೇಲೆ ವಾರಕ್ಕೊಂದು ಪರೀಕ್ಷಾ ಆವೃತ್ತಿ, ಬರೀ ದೋಷ ತಿದ್ದುವ ಕೆಲಸ. ಬಾಗಿಲು ತಪ್ಪಿದರೆ ಎರಡು ತಿಂಗಳು ಕಾಯಬೇಕು. "ಈ ಪ್ಯಾಚ್‌ಗೆಲ್ಲ ಇಂಪ್ಯಾಕ್ಟ್ ಫ್ಯಾಕ್ಟರ್ ಇದೆಯೇನಮ್ಮ?" ಎಂದು ನನ್ನ ಗೈಡ್ ಕೇಳಿದ್ದರು. ಇಲ್ಲ ಸರ್, ಆದರೆ ಒಂದು ಅಧ್ಯಾಯ ಇದರ ಮೇಲೇ ನಿಂತಿದೆ ಎಂದಿದ್ದೆ.

ಮೂರನೇ ಸಲ ತಿದ್ದಿ ಕಳಿಸಿದ್ದು ಒಳಗೆ ಹೋಯಿತು. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ನಾಲ್ಕು ವಾರದ ನಂತರ ಒಂದು ಇಮೇಲ್ ಬಂತು. ಯಾವುದೋ ದೂರದೇಶದ ಒಬ್ಬರ ಹಳೆಯ ಟ್ಯಾಬ್ಲೆಟ್ಟಿನ ಬೆಳಕಿನ ಸೆನ್ಸರ್ ಸೊನ್ನೆ ತೋರಿಸುತ್ತಿತ್ತು. ಪರದೆ ಹಗಲಿನಲ್ಲೂ ಕಪ್ಪು. ಅವರು ಸಾವಿರಾರು ಪ್ಯಾಚುಗಳ ರಾಶಿಯನ್ನು ಅರ್ಧ ಮಾಡಿ ಪರೀಕ್ಷಿಸಿ, ಉಳಿದ ಅರ್ಧವನ್ನು ಮತ್ತೆ ಅರ್ಧ ಮಾಡಿ ಹುಡುಕಿದ್ದರು. ಹೀಗೆ ಮಾಡಿದರೆ ಸಾವಿರದೊಳಗಿನ ಒಂದು ತಪ್ಪು ಹತ್ತೇ ಹೆಜ್ಜೆಗೆ ಸಿಗುತ್ತದೆ. ಕೊನೆಗೆ ಗಿಟ್ ಒಂದು ಸಾಲು ತೋರಿಸುತ್ತದೆ: ಇದೇ ಮೊದಲ ಕೆಟ್ಟ ಕಮಿಟ್. ಅದರ ಕೆಳಗೆ ನನ್ನ ಹೆಸರಿತ್ತು.

ಆಗಿದ್ದು ಇಷ್ಟೆ. ನನ್ನ ಪೆಟ್ಟಿಗೆಯ ಬ್ಯಾಟರಿ ಉಳಿಯಲಿ ಎಂದು, ಚಿಪ್ ಎಚ್ಚರವಾದ ಮೇಲೆ ಮೊದಲ ಅಳತೆಗೆ ಮುನ್ನ ಕಾಯುವ ಹೊತ್ತನ್ನು ಕಡಿಮೆ ಮಾಡಿದ್ದೆ. ಹೊಸ ಚಿಪ್‌ಗೆ ಅದು ಸಾಕಿತ್ತು, ಹಳೆಯದಕ್ಕೆ ಸಾಲಲಿಲ್ಲ. ನನ್ನ ಮೇಜಿನ ಮೇಲೆ ಹಳೆಯದು ಇರಲೇ ಇಲ್ಲ. ಮೊದಲು ಕೆಲಸ ಮಾಡುತ್ತಿದ್ದದ್ದು ನಮ್ಮಿಂದ ಕೆಡಬಾರದು ಎಂಬುದು ಕರ್ನಲ್ಲಿನವರ ಮೊದಲ ನಿಯಮ. ನನ್ನ ಪ್ಯಾಚನ್ನು ವಾಪಸ್ ತೆಗೆದರು. ವಾಪಸ್ ತೆಗೆದದ್ದೂ ಚರಿತ್ರೆಯಲ್ಲಿ ಉಳಿಯುತ್ತದೆ, ಅಳಿಸಲು ಬರುವುದಿಲ್ಲ. ಆ ಮುದಿ ಟ್ಯಾಬ್ಲೆಟ್ಟನ್ನು ಈಗ ಯಾರು ಬಳಸುತ್ತಾರೆ ಎಂದು ಖಾರವಾಗಿ ಉತ್ತರ ಬರೆದೆ. ಕಳಿಸದೆ ಊರಿಗೆ ಹೋದೆ.

ಹಾಸನದ ಹತ್ತಿರದ ನಮ್ಮೂರಲ್ಲಿ ಆಗ ಭತ್ತದ ನಾಟಿ. ನಮ್ಮ ಕಡೆ ಇನ್ನೂ ಮುಯ್ಯಾಳು ಪದ್ಧತಿ ಪೂರ್ತಿ ಹೋಗಿಲ್ಲ. ಇವತ್ತು ನಾವು ನಿಮ್ಮ ಗದ್ದೆಗೆ, ನಾಳೆ ನೀವು ನಮ್ಮ ಗದ್ದೆಗೆ. ಕೂಲಿ ಇಲ್ಲ, ಬಾಯಿಲೆಕ್ಕ. ನೆರೆಮನೆಯವರ ಗದ್ದೆಗೆ ಸಸಿ ಹೊರೆ ಹೊತ್ತುಕೊಂಡು ಹೋಗುವಾಗ ಅಡ್ಡದಾರಿ ಹಿಡಿದ ನನ್ನನ್ನು ಅಪ್ಪ ತಡೆದರು. "ಅವರ ಬದು ತುಳೀಬ್ಯಾಡ ಕಣಮ್ಮ. ನಮಗೆ ನಾಲ್ಕು ಹೆಜ್ಜೆ ಉಳಿಯುತ್ತೆ, ಅವರಿಗೆ ನೀರು ನಿಲ್ಲಲ್ಲ." ಅಪ್ಪನಿಗೆ ನನ್ನ ಚಿಪ್ಪಿನ ಕಥೆ ಗೊತ್ತಿರಲಿಲ್ಲ. ನಾನು ಸುತ್ತು ಹಾಕಿಕೊಂಡು ಹೋದೆ.

ಬೆಂಗಳೂರಿಗೆ ಬಂದು ಆ ಖಾರದ ಉತ್ತರ ಅಳಿಸಿದೆ. ಪ್ರತಿ ಚಿಪ್‌ಗೆ ಅದರದೇ ಕಾಯುವ ಹೊತ್ತು ಇರುವಂತೆ ಡ್ರೈವರನ್ನು ತಿದ್ದಿದೆ. ಹಳೆಯ ಚಿಪ್ ನನ್ನ ಬಳಿ ಇಲ್ಲ, ದಯವಿಟ್ಟು ನಿಮ್ಮ ಯಂತ್ರದಲ್ಲಿ ನೋಡಿ ಹೇಳುತ್ತೀರಾ ಎಂದು ಆ ಟ್ಯಾಬ್ಲೆಟ್ಟಿನವರಿಗೇ ಕೇಳಿದೆ. ಮೊದಲೇ ಕೇಳಬೇಕಿದ್ದ ಪ್ರಶ್ನೆ. ಎರಡು ದಿನದಲ್ಲಿ ಉತ್ತರ ಬಂತು: ಟೆಸ್ಟೆಡ್-ಬೈ, ಮುಂದೆ ಅವರ ಹೆಸರು. ನನ್ನಿಂದ ಪರದೆ ಕಪ್ಪಾದವರೇ ನನ್ನ ತೇಪೆಗೆ ಸಾಕ್ಷಿ ಹಾಕಿದ್ದರು.

ಮುಂದಿನ ಬಾಗಿಲಿಗೆ ಪ್ಯಾಚ್ ಒಳಗೆ ಹೋಯಿತು. ಅಧ್ಯಾಯ ಎರಡು ತಿಂಗಳು ತಡವಾಯಿತು, ಗೈಡ್ ಗೊಣಗಿದರು. ಪ್ಯಾಚ್ ತೆಗೆದುಕೊಂಡ ಮೇಂಟೇನರ್ ಕೊನೆಗೊಂದು ಸಾಲು ಸೇರಿಸಿದ್ದರು: ಸರತಿಯಲ್ಲಿ ಇನ್ನೊಬ್ಬ ಹೊಸಬರ ಪ್ಯಾಚ್ ಕಾಯುತ್ತಿದೆ, ಬಿಡುವಾದರೆ ನೋಡುತ್ತೀರಾ?

ಅವತ್ತು ಸಂಜೆಯೇ ಕೂತು ಓದಿದೆ. ಚೆನ್ನಾಗಿ ಬರೆದಿದ್ದರು. ನಾನು ಒಂದೇ ಪ್ರಶ್ನೆ ಬರೆದೆ: ಇದನ್ನು ಯಾವ ಚಿಪ್ಪಿನ ಮೇಲೆ ಪರೀಕ್ಷಿಸಿದ್ದೀರಿ, ಯಾವುದು ನಿಮ್ಮ ಬಳಿ ಇಲ್ಲ?