ನಾವೆಯ ರಂಧ್ರವೂ ಆರ್ಜವ ಧರ್ಮವೂ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಭಾಗದ ನಮ್ಮ ಶ್ರಾವಕ ಮನೆತನಗಳ ಬದುಕು ಬಹುಮಟ್ಟಿಗೆ ಹೊಳೆಯ ದಂಡೆಯ ಬದುಕು. ನಿಪ್ಪಾಣಿಯ ಕಡೆಗೆ ವೇದಗಂಗೆ, ಸದಲಗೆಯ ಕಡೆಗೆ ದೂಧಗಂಗೆ. ಇವುಗಳ ನೀರನ್ನು ತನ್ನೊಡಲಿಗೆ ಸೇರಿಸಿಕೊಂಡು ರಾಯಬಾಗಕ್ಕೂ ಕಾಗವಾಡ ಸೀಮೆಗೂ ನಡುವೆ ಹರಿಯುವವಳು ಕೃಷ್ಣೆ. ಹೊಳೆ ನಮಗೆ ಅನ್ನ ಕೊಟ್ಟಿದೆ. ಮಳೆಗಾಲದಲ್ಲಿ ದಾರಿಯನ್ನೂ ಕಡಿದಿದೆ. ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಜತ್ರಾಟ-ಭೀವಶಿ ಸೇತುವೆಗಳು ನೀರಿನಡಿ ಮುಳುಗಿದ ಸುದ್ದಿಯನ್ನು ವಾಚಕರು ಎಷ್ಟೋ ಮಳೆಗಾಲಗಳಲ್ಲಿ ಓದಿದ್ದಾರೆ.

ವೇದಗಂಗೆ ದೂಧಗಂಗೆಗಳು ಕೂಡುವ ಭೋಜ ಗ್ರಾಮದ ಹೆಸರನ್ನು ಕೇಳಿದೊಡನೆ ನಮ್ಮ ಕೈಗಳು ತಾವಾಗಿಯೇ ಮುಗಿಯುತ್ತವೆ. 1872ರಲ್ಲಿ ಜನಿಸಿ 1955ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನ ಸಾಧಿಸಿದ ಆಚಾರ್ಯ ಶಾಂತಿಸಾಗರ ಮಹಾರಾಜರು ಬೆಳೆದ ಊರು ಅದು. ಅವರಿನ್ನೂ ಸಾತಗೌಡ ಪಾಟೀಲರಾಗಿದ್ದಾಗ ಊರಿಗೆ ಬಂದ ಮುನಿಗಳನ್ನು ತಮ್ಮ ಹೆಗಲ ಮೇಲೆ ಕೂಡಿಸಿಕೊಂಡು ಹೊಳೆ ದಾಟಿಸುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಇನ್ನೊಬ್ಬರನ್ನು ದಾಟಿಸುವ ಭಾರ ಹೊತ್ತವನ ಕಾಲು ಜಾರಬಾರದು. ನನ್ನ ಕಾಲು ಜಾರಿದ ಒಂದು ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ರಾಯಬಾಗ ತಾಲೂಕಿನ ನಮ್ಮ ಹಳ್ಳಿ ಕೃಷ್ಣೆಯ ಬಲದಂಡೆಯಲ್ಲಿದೆ. ಊರಿನ ಐದು ಜೈನ ಮನೆತನಗಳಿಗೆ ಆಚೆಯ ದಂಡೆಯಲ್ಲಿ ಹೊಲಗಳಿದ್ದವು. ಆ ದಂಡೆ ಈಗ ಕಾಗವಾಡ ತಾಲೂಕಿಗೆ ಸೇರುತ್ತದೆ. ಅಂದು ಅಥಣಿಗೆ ಸೇರಿತ್ತು. ಕುಡಚಿಯ ಸೇತುವೆಯನ್ನು ಸುತ್ತಿ ಹೋಗುವುದೆಂದರೆ ಅರ್ಧ ದಿನ ಕಳೆಯುತ್ತಿತ್ತು. ಆದುದರಿಂದ 1974ರಲ್ಲಿ ನಮ್ಮ ತಂದೆಯವರೂ ಉಳಿದ ನಾಲ್ವರೂ ಸಮನಾಗಿ ಹಣ ಹಾಕಿ 22 ಅಡಿ ಉದ್ದದ ಒಂದು ನಾವೆಯನ್ನು ಮಾಡಿಸಿದರು. ಹಲಗೆಗಳು ಸಾಗವಾನಿಯವು, ಒಳಗಿನ ಪಕ್ಕೆಗಳು ಜಾಲಿಯವು. ನಡೆಸಲು ಒಬ್ಬ ಅಂಬಿಗನನ್ನು ಗೊತ್ತುಮಾಡಿ, ಸುಗ್ಗಿಯಲ್ಲಿ ಐದೂ ಮನೆಗಳಿಂದ ಅವನಿಗೆ ಕಾಳಿನ ಆಯ ಕೊಡುವುದೆಂದು ನಿಶ್ಚಯವಾಯಿತು. ದುರಸ್ತಿಯ ಮೇಲ್ವಿಚಾರಣೆ ವರ್ಷಕ್ಕೊಂದು ಮನೆಯದು.

ಕಟ್ಟಿಗೆಯ ನಾವೆ ಮಾಡಿಸಿ ಮರೆಯುವ ವಸ್ತುವಲ್ಲ. ಬೇಸಿಗೆಯಲ್ಲಿ ದಂಡೆಗೆ ಎಳೆದು ಬೋರಲು ಹಾಕಿದಾಗ ಹಲಗೆಗಳು ಒಣಗಿ ಕುಗ್ಗುತ್ತವೆ, ಸಂದುಗಳು ಬಾಯಿ ಬಿಡುತ್ತವೆ. ಹಳೆಯ ಹತ್ತಿಯನ್ನು ಕಿತ್ತು, ಅಗಸೆ ಎಣ್ಣೆಯಲ್ಲಿ ತೊಯ್ಸಿದ ಹೊಸ ಹತ್ತಿಯ ಹುರಿಯನ್ನು ಉಳಿಯಿಂದ ಸಂದಿಗೆ ಬಡಿದು ತುಂಬಬೇಕು. ಮೇಲೆ ರಾಳ, ಅದರ ಮೇಲೆ ಡಾಂಬರು. ಮಳೆಗಾಲಕ್ಕೆ ಮುನ್ನ ನಾಲ್ಕಾರು ದಿನ ನಾವೆಯನ್ನು ನೀರಿನಲ್ಲಿ ನೆನೆಹಾಕಿದರೆ ಕಟ್ಟಿಗೆ ಉಬ್ಬಿ ಸಂದುಗಳು ತಾವೇ ಬಿಗಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ದಬ್ಬಣದ ಪರೀಕ್ಷೆ. ಕಬ್ಬಿಣದ ಮೊಳೆ ತುಕ್ಕು ಹಿಡಿದ ಕಡೆ ಸುತ್ತಲಿನ ಕಟ್ಟಿಗೆ ಒಳಗಿಂದೊಳಗೇ ಕೊಳೆಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಮೊಳೆಯ ಬದಿಗೆ ದಬ್ಬಣ ಒತ್ತಿ ನೋಡಬೇಕು. ಗಟ್ಟಿ ಕಟ್ಟಿಗೆ ದಬ್ಬಣವನ್ನು ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ.

ನಾವೆಗೆ ಮೀನಿನ ಎಣ್ಣೆ ಬಳಿಯುವ ರೂಢಿ ಬಹಳ ಕಡೆಗಳಲ್ಲಿದೆ. ನಮ್ಮ ಹಿರಿಯರು ಅದನ್ನು ಒಪ್ಪದೆ ಅಗಸೆ ಎಣ್ಣೆಯನ್ನೇ ಗೊತ್ತುಮಾಡಿದ್ದರು. ಹಳೆಯ ಡಾಂಬರನ್ನು ಬೆಂಕಿಯಿಂದ ಕರಗಿಸುವ ಮೊದಲು ಗೂಡು ಕಟ್ಟಿದ ಇರುವೆ, ಜೇಡಗಳನ್ನು ಮೆತ್ತನೆಯ ಕಸಬರಿಗೆಯಿಂದ ಸರಿಸುತ್ತಿದ್ದರು. ಇದರಲ್ಲೆಲ್ಲ ನಾವು ಬಹಳ ಎಚ್ಚರದವರೆಂಬ ಅಭಿಮಾನ ನನಗಿತ್ತು. ಆ ಅಭಿಮಾನವನ್ನು ವಾಚಕರು ನೆನಪಿನಲ್ಲಿಡಬೇಕು.

ನಾವೆ ದುಡಿಮೆಗಷ್ಟೇ ಇರಲಿಲ್ಲ. ಕಾರ್ತಿಕ ಕಳೆದು ಮೂಡಗಾಳಿ ಬಿಟ್ಟಾಗ ಐದೂ ಮನೆಯವರು ಒಂದು ದಿನ ಕೂಡಿ ಹೊಳೆಯ ಮೇಲ್ಮುಖವಾಗಿ ಅಂಕಲಿಯ ಕಡೆಗೆ ಹೋಗುತ್ತಿದ್ದೆವು. ಬಿದಿರಿನ ಕಂಬಕ್ಕೆ ದಪ್ಪ ಬಟ್ಟೆಯ ಹಾಯಿ ಕಟ್ಟಿದರೆ ಗಾಳಿಯೇ ಪ್ರವಾಹಕ್ಕೆದುರಾಗಿ ನೂಕುತ್ತಿತ್ತು. ಹುಟ್ಟು ಹಾಕುವವರಿಗೆ ಕೆಲಸ ಕಡಿಮೆ. ನೀರನ್ನು ಗಾಳಿಸಿ ಕುಡಿದು, ಗಾಳಿಸಿದ ಬಟ್ಟೆಯನ್ನು ಅದೇ ಹೊಳೆಯಲ್ಲಿ ಮೆಲ್ಲಗೆ ತೊಳೆದು ಜೀವಗಳನ್ನು ನೀರಿಗೇ ಮರಳಿಸುತ್ತಿದ್ದೆವು. ಹೊತ್ತು ಮುಳುಗುವುದರೊಳಗೆ ಊಟ ಮುಗಿಯುತ್ತಿತ್ತು. ಮರಳುವಾಗ ಹಾಯಿ ಇಳಿಸಿ ಪ್ರವಾಹಕ್ಕೆ ನಾವೆಯನ್ನು ಒಪ್ಪಿಸಿದರೆ ಹೆಂಗಸರು ಹಾಡುತ್ತಿದ್ದರು, ಅಂಬಿಗ ಚುಕ್ಕಾಣಿ ಹಿಡಿದು ಸುಮ್ಮನೆ ಕೇಳುತ್ತಿದ್ದ. ಅವನನ್ನು ನಾವೆಲ್ಲ ಮಾಮಾ ಎಂದೇ ಕರೆಯುತ್ತಿದ್ದೆವು.

1995ರ ಬೇಸಿಗೆಯಲ್ಲಿ ದುರಸ್ತಿಯ ಸರದಿ ನನ್ನದು. ಆ ವರ್ಷ ಕಬ್ಬಿನ ಬಿಲ್ಲು ಕೈಗೆ ಬಂದಿರಲಿಲ್ಲ, ಮಗಳ ಲಗ್ನ ನಿಶ್ಚಯವಾಗಿತ್ತು. ಒಂದು ಮುಂಜಾನೆ ಒಬ್ಬನೇ ಕುಳಿತು ದಬ್ಬಣ ಒತ್ತುತ್ತ ಬಂದೆ. ತಳದ ಎರಡನೆಯ ಹಲಗೆಯಲ್ಲಿ, ಮೂರನೆಯ ಪಕ್ಕೆಯ ಹತ್ತಿರ, ದಬ್ಬಣ ಬೆರಳಿನಷ್ಟು ಒಳಗಿಳಿಯಿತು. ಹಲಗೆ ಬದಲಿಸಬೇಕಾದರೆ ಸಾಗವಾನಿ ತರಬೇಕು, ಬಡಿಗನನ್ನು ಕರೆಸಬೇಕು, ನಾಲ್ಕು ಮನೆಗಳಿಂದ ಹಣ ಕೂಡಿಸಬೇಕು, ನನ್ನ ಪಾಲನ್ನೂ ಹಾಕಬೇಕು. ಒಂದು ಮಳೆಗಾಲ ಹೇಗೂ ತಡೆದೀತು ಎಂದುಕೊಂಡೆ. ರಂಧ್ರಕ್ಕೆ ಹತ್ತಿ ತುರುಕಿ ಮೇಲೆ ಎರಡು ಕೈ ಡಾಂಬರು ಬಳಿದೆ. ಉಳಿದವರು ಕೇಳಿದಾಗ "ಎಲ್ಲಾ ನೋಡೇನ್ರಿ, ಗಟ್ಟಿ ಐತಿ" ಎಂದೆ.

ಶ್ರಾವಣದ ಒಂದು ಸಂಜೆ ಕಳೆ ಕೀಳುವ ಕೆಲಸ ಮುಗಿಸಿದ ಹನ್ನೊಂದು ಜನ ಆಚೆಯ ದಂಡೆಯಿಂದ ಹೊರಟರು. ಹೊಳೆ ತುಂಬಿತ್ತು. ನಡುಹೊಳೆಯಲ್ಲಿ ಆ ಹಲಗೆ ಕಿತ್ತುಕೊಂಡಿತು. ಅಂಬಿಗ ತನ್ನ ರುಮಾಲನ್ನು ರಂಧ್ರಕ್ಕೆ ತುರುಕಿ ಅದರ ಮೇಲೆ ಹಿಮ್ಮಡಿಯೂರಿ ನಿಂತು ಹುಟ್ಟು ಹಾಕಿದ. ಹೆಂಗಸರು ಬುತ್ತಿಯ ಡಬ್ಬಿಗಳಿಂದ ನೀರು ಮೊಗೆದು ಚೆಲ್ಲಿದರು. ಒಬ್ಬಾಕೆಯ ಮಡಿಲಲ್ಲಿ ಏಳು ತಿಂಗಳ ಕೂಸಿತ್ತು. ಪ್ರವಾಹದೊಡನೆ ಬಹುದೂರ ಕೆಳಗೆ ಹೋಗಿ, ನಾವೆ ಅಂಚಿನವರೆಗೆ ತುಂಬಿಕೊಂಡು ದಂಡೆಗೆ ಹತ್ತಿತು. ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಅಪಾಯ ತಪ್ಪಿದ ಮೇಲೆ ತಪ್ಪು ಯಾರದೆಂಬ ಮಾತು ಬಂತು. ಅಂಬಿಗ ಎಂಟಕ್ಕಿಂತ ಹೆಚ್ಚು ಜನರನ್ನು ಹತ್ತಿಸಿದ್ದೇ ಕಾರಣವೆಂದು ಒಬ್ಬರು ಹೇಳಿದರು, ಎಲ್ಲರೂ ಒಪ್ಪಿದರು. ನಾನು ಸುಮ್ಮನಿದ್ದೆ. ಆ ಸುಗ್ಗಿಯ ಆಯ ಕೊಡದೆ ಅವನನ್ನು ಬಿಡಿಸುವುದೆಂದು ತೀರ್ಮಾನವಾಯಿತು. ಆಗಲೂ ಸುಮ್ಮನಿದ್ದೆ.

ಅದೇ ಭಾದ್ರಪದದ ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಬಸದಿಯ ಅಂಗಳದಲ್ಲಿ ನೂರಾರು ಜನ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿರಿ ಎನ್ನುತ್ತಿದ್ದರು. ನಾನೂ ಐದೂ ಮನೆಯವರಿಗೆ ಕೈಮುಗಿದೆ. ಬಾಗಿಲ ಹೊರಗೆ ಅಂಬಿಗ ನಿಂತಿದ್ದ. ಅವನು ಜೈನನಲ್ಲ, ಆದರೆ ಇಪ್ಪತ್ತು ವರ್ಷ ನಮ್ಮೊಡನಿದ್ದು ಆ ದಿನದ ಪದ್ಧತಿಯನ್ನು ಬಲ್ಲವನು. ನನ್ನನ್ನು ಕಂಡು ಕೈಮುಗಿದ.

"ಸಾವಕಾರ್ರ, ನನ್ನಿಂದ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ನಾನು ಗದ್ದಲದಲ್ಲಿ ಏನೋ ತೊದಲಿ ಮುಂದೆ ನಡೆದೆ. ಕೆಲವೇ ದಿನಗಳಲ್ಲಿ ಅವನು ಅಥಣಿಯ ಕಡೆಗೆ ಇಟ್ಟಿಗೆ ಭಟ್ಟಿಯ ಕೆಲಸಕ್ಕೆ ಹೋದನೆಂದು ಕೇಳಿದೆ.

ಮರುವರ್ಷದ ಪರ್ವದಲ್ಲಿ ಮೂರನೆಯ ದಿನ, ಉತ್ತಮ ಆರ್ಜವದ ದಿನ, ಪಂಡಿತರು ಆಲೋಚನೆಯ ಹತ್ತು ದೋಷಗಳನ್ನು ವಿವರಿಸಿದರು. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಬರುವ ವಿಷಯವಿದು. ಗುರುವಿನ ಮುಂದೆ ತನ್ನ ತಪ್ಪನ್ನು ಹೇಳಿಕೊಳ್ಳುವಾಗಲೂ ಮನುಷ್ಯ ಹೇಗೆ ವಂಚಿಸುತ್ತಾನೆಂಬುದನ್ನು ಹಿಂದಿನವರು ಎಷ್ಟು ಬಲ್ಲವರಾಗಿದ್ದರು! ಇತರರು ಕಂಡ ತಪ್ಪನ್ನಷ್ಟೇ ಹೇಳಿ ಕಾಣದ್ದನ್ನು ಮುಚ್ಚುವುದು ದೃಷ್ಟ ದೋಷ. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮ ದೋಷ. ಎಲ್ಲರೂ ಒಟ್ಟಿಗೆ ಹೇಳುವ ಗದ್ದಲದಲ್ಲಿ, ಗುರುವಿಗೆ ಕೇಳಿಸದಂತೆ ತನ್ನದನ್ನೂ ಹೇಳಿಬಿಡುವುದು ಶಬ್ದಾಕುಲಿತ ದೋಷ. ಇವು ಮುನಿಗಳಿಗಾಗಿ ಹೇಳಿದ್ದರೂ ಗೃಹಸ್ಥರಿಗೂ ಪಾಠವುಂಟೆಂದು ಪಂಡಿತರು ಹೇಳಿದರು.

ಶಬ್ದಾಕುಲಿತ ಎಂಬ ಮಾತು ಕಿವಿಗೆ ಬಿದ್ದಾಗ ನಾನು ತಲೆ ಎತ್ತಲಾರದಾದೆ. ಕ್ಷಮಾವಣಿಯ ಪವಿತ್ರ ದಿನವನ್ನು ನಾನು ಅಡಗುತಾಣ ಮಾಡಿಕೊಂಡಿದ್ದೆ. ತಿಳಿದೋ ತಿಳಿಯದೆಯೋ ಎಂಬ ಮಾತಿನ ಹಿಂದೆ ತಿಳಿದೇ ಮಾಡಿದ್ದನ್ನು ಬಚ್ಚಿಟ್ಟಿದ್ದೆ. ಡಾಂಬರಿನ ಮೇಲೆ ಇನ್ನೊಂದು ಕೈ ಡಾಂಬರು ಬಳಿದಂತಾಗಿತ್ತು.

ಅಂದು ರಾತ್ರಿಯೇ ನಾಲ್ಕೂ ಮನೆಯವರನ್ನು ಕೂಡಿಸಿ ನಡೆದದ್ದನ್ನು ಹೇಳಿದೆ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಹಿರಿಯ ಕಾಕಾ ಒಬ್ಬರು ಬಾಯಿ ಬಿಟ್ಟರು.

"ಹೇಳಿದಿ, ಛಲೋ ಆತು. ಆದರ ನಾವೂ ಕೇಳದನ ಅವನ ಮ್ಯಾಲೆ ಹಾಕಿದಿವಿ. ನೀ ಹೇಳಬೇಕಾದದ್ದು ನಮಗಲ್ಲ ತಮ್ಮಾ."

ಪರ್ವ ಮುಗಿದ ಮೇಲೆ ಐದೂ ಮನೆಗಳು ಕೊಡಬೇಕಾಗಿದ್ದ ಆಯದ ಹಣವನ್ನು ಕಟ್ಟಿಕೊಂಡು ಅಥಣಿಯ ಕಡೆಗೆ ಹೋದೆ. ಅಂಬಿಗ ಭಟ್ಟಿಯ ಹತ್ತಿರ ಗುಡಿಸಲಿನ ಮುಂದೆ ಕುಳಿತಿದ್ದ. ನಾನು ಎಲ್ಲವನ್ನೂ ಹೇಳಿ ಮುಗಿಸಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

"ನನಗ ಗೊತ್ತಿತ್ರಿ. ಹಿಮ್ಮಡಿ ಊರಿದಾಗ ತಿಳೀತು. ಡಾಂಬರ ಹೊಸಾದು, ಕಟ್ಟಿಗಿ ಹಳೇದು."

"ಗೊತ್ತಿದ್ದೂ ಯಾಕ ಹೇಳಲಿಲ್ಲ ಮಾಮಾ?"

"ಹೇಳಿದ್ರ ಯಾರ ನಂಬತಿದ್ರು ಸಾವಕಾರ್ರ? ಐದು ಮನಿ ಮಾತೊಂದು ಕಡೆ, ನಂದೊಂದು ಕಡೆ."

ಹಣವನ್ನು ಎಣಿಸಿ ತೆಗೆದುಕೊಂಡ. ತಿರುಗಿ ಬರಲು ಮಾತ್ರ ಒಪ್ಪಲಿಲ್ಲ. 1997ರ ವೈಶಾಖದಲ್ಲಿ ಮೂರು ದಿನ ಬಂದು ಬಡಿಗನ ಜೊತೆ ನಿಂತು ಆ ಹಲಗೆಯನ್ನು ತಾನೇ ಬದಲಿಸಿದ. ಮೂರು ದಿನದ ಕೂಲಿಯನ್ನಷ್ಟೇ ತೆಗೆದುಕೊಂಡ, ಹೆಚ್ಚಿಗೆ ಕೊಟ್ಟದ್ದನ್ನು ಮರಳಿಸಿದ. ಅವನು ಕ್ಷಮಿಸಿದನೋ ಇಲ್ಲವೋ ಎಂದು ನಾನು ಕೇಳಲಿಲ್ಲ. ಕೇಳುವ ಅಧಿಕಾರ ನನಗಿರಲಿಲ್ಲ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಸಂವರಾನುಪ್ರೇಕ್ಷೆಯನ್ನು ವಿವರಿಸುವಾಗ ನಾವೆಯ ಉಪಮೆಯನ್ನೇ ಕೊಡುತ್ತಾರೆ. ರಂಧ್ರವನ್ನು ಮುಚ್ಚದಿದ್ದರೆ ನೀರು ಕ್ರಮವಾಗಿ ತುಂಬಿ ಒಳಗಿದ್ದವರ ನಾಶವಾಗುತ್ತದೆ. ಮುಚ್ಚಿದರೆ ಬಯಸಿದ ದಂಡೆಯನ್ನು ಸೇರಬಹುದು. ಬಾಲ್ಯದಿಂದ ಕೇಳಿದ ಈ ಉಪಮೆಯಲ್ಲಿ ಒಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಮುಚ್ಚುವುದು ಬೇರೆ, ಮರೆಮಾಡುವುದು ಬೇರೆ. ಬಯಲಿಗೆ ಬಿದ್ದ ರಂಧ್ರವನ್ನು ಯಾರಾದರೂ ಕಂಡು ನೀರು ಮೊಗೆದಾರು. ಡಾಂಬರಿನ ಕೆಳಗಿನ ರಂಧ್ರ ನಂಬಿ ಹತ್ತಿದವರನ್ನು ನಡುಹೊಳೆಯವರೆಗೆ ಕರೆದೊಯ್ದು ಬಾಯಿ ಬಿಡುತ್ತದೆ. ಇರುವೆ ಜೇಡಗಳನ್ನು ಕಸಬರಿಗೆಯಿಂದ ಸರಿಸುತ್ತಿದ್ದ ನಾನೇ ಹನ್ನೊಂದು ಜನರನ್ನು ಆ ರಂಧ್ರದ ಮೇಲೆ ಕೂಡಿಸಿದ್ದೆ.

ಅಂದಿನಿಂದ ಐದು ಮನೆಗಳಲ್ಲಿ ಒಂದು ನಿಯಮವಾಯಿತು. ಒಂದು ಹೊತ್ತಿಗೆ ಇಟ್ಟೆವು. ಸರದಿಯವನು ಮಾಡಿದ ಕೆಲಸವನ್ನೂ ಖರ್ಚನ್ನೂ ಬರೆಯುವ ಮೊದಲು ಕಂಡ ದೋಷಗಳನ್ನು ಬರೆಯಬೇಕು. ನಾವೆಯ ಬಳಿಯೇ ನಿಂತು ಐವರಿಗೂ ಅಂಬಿಗನಿಗೂ ಕೇಳುವಂತೆ ಓದಬೇಕು. ಓದಿದ ಮೇಲೆಯೇ ಡಾಂಬರು. ಮೊದಲ ಪುಟದಲ್ಲಿ 1995ರ ದೋಷವನ್ನು ನನ್ನ ಅಕ್ಷರದಲ್ಲಿಯೇ ಬರೆದಿದ್ದೇನೆ. ದೋಷ ಬರೆಯುವವನಿಗೆ ಖರ್ಚಿನ ಹೆದರಿಕೆ ಇರಬಾರದೆಂದು ಪ್ರತಿ ಮನೆಯವರು ಸುಗ್ಗಿಯಲ್ಲಿ ಸ್ವಲ್ಪ ಹಣವನ್ನು ಮೊದಲೇ ತೆಗೆದಿಡುವ ಏರ್ಪಾಡನ್ನೂ ಮಾಡಿದೆವು. ನನ್ನ ತಪ್ಪಿಗೆ ಬಡತನ ನೆಪವಾಗಿತ್ತಷ್ಟೆ. ಆದರೆ ಮುಂದಿನವನಿಗೆ ಆ ನೆಪವೂ ಸಿಗಬಾರದು.

2005ರ ಪ್ರವಾಹದಲ್ಲಿ ಆ ನಾವೆ ತೋಟದ ಮನೆಗಳ ಜನರನ್ನೂ ಕರುಗಳನ್ನೂ ಎತ್ತರದ ಜಾಗಕ್ಕೆ ಮುಟ್ಟಿಸಿತು. 2019ರ ಆಗಸ್ಟ್‌ನ ಮಹಾಪೂರದಲ್ಲಿ ಹಗ್ಗ ಹರಿದುಕೊಂಡು ಹೋಯಿತು, ಮತ್ತೆ ಸಿಗಲಿಲ್ಲ. ಈಗ ರಸ್ತೆಗಳಾಗಿವೆ, ಮಕ್ಕಳು ಮೋಟಾರು ಸೈಕಲ್ಲಿನ ಮೇಲೆ ಸುತ್ತಿ ಹೋಗುತ್ತಾರೆ. ಹೊಸ ನಾವೆಯನ್ನು ಯಾರೂ ಮಾಡಿಸಲಿಲ್ಲ.

ಹೊತ್ತಿಗೆ ಮಾತ್ರ ಉಳಿದಿದೆ. ನಮ್ಮ ಬಸದಿಯ ಟ್ರಸ್ಟಿನವರು ಅದನ್ನು ಕೇಳಿ ಪಡೆದು, ಬಸದಿಯ ದುರಸ್ತಿಗೂ ಅದೇ ಕ್ರಮವನ್ನಿಟ್ಟುಕೊಂಡಿದ್ದಾರೆ. ಸೋರುವ ಮಾಳಿಗೆಗೆ ಸುಣ್ಣ ಬಳಿಯುವ ಮೊದಲು ಸೋರುವ ಜಾಗ, ಜಮೆಯಾಗದ ಹಣ, ಮರೆತುಹೋದ ಬಾಕಿ, ಎಲ್ಲವನ್ನೂ ವರ್ಷಕ್ಕೊಮ್ಮೆ ಸಭೆಯಲ್ಲಿ ಓದುತ್ತಾರೆ. ಓದುವಾಗ ಸಭೆಯಲ್ಲಿ ಗದ್ದಲವಿರಬಾರದೆಂಬುದು ಅವರೇ ಸೇರಿಸಿದ ನಿಯಮ.

ಕ್ಷಮಾವಣಿಯ ದಿನ ನಾನು ಈಗಲೂ ಎಲ್ಲರಿಗೂ ಕೈಮುಗಿಯುತ್ತೇನೆ. ಆದರೆ ಅದಕ್ಕೂ ಮುನ್ನ, ಗದ್ದಲ ಏಳುವ ಮೊದಲು, ಆ ವರ್ಷ ಯಾರಿಗೆ ಏನು ಮಾಡಿದೆನೆಂಬುದು ನೆನಪಿದೆಯೋ ಅವರ ಮನೆಯ ಬಾಗಿಲಿಗೆ ಒಬ್ಬನೇ ಹೋಗಿ ಬರುತ್ತೇನೆ.