ಪುಟ್ಟ ಬಾಣದ ಗುರುತು

ಮೊನ್ನೆ ಮಗಳ ಅರ್ಜಿ ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದರೆ ಫೋಲ್ಡರುಗಳಿಗೆಲ್ಲ ಪುಟ್ಟ ಬಾಣದ ಗುರುತು! ಎದೆ ಧಸಕ್ಕೆಂದಿತು. ತೀರಿಹೋದ ಅತ್ತೆಯವರ ಹಸೆಹಾಡುಗಳು ಇದ್ದದ್ದು ಅದರಲ್ಲೇ. ಇನ್ನೊಂದು ಪ್ರತಿ ಇಟ್ಟಿರಲಿಲ್ಲ, ನನ್ನ ಬುದ್ಧಿಗೆ ಮಂಕು ಬಡಿದಿತ್ತು.

"ಫಾರ್ಮ್ಯಾಟ್ ಮಾಡಿಬಿಡಿ ಆಂಟಿ" ಎಂದ ಪಕ್ಕದ ಮನೆ ಹುಡುಗ. ಮಾಡಿದ್ದರೆ ಹಾಡೂ ಹೋಗುತ್ತಿತ್ತು! ಮಗನಿಗೆ ಫೋನ್ ಮಾಡಿದೆ.

"ಅಮ್ಮಾ, ಬಾಣ ಇರೋದನ್ನ ಒತ್ತಬೇಡ, ಅದೇ ವೈರಸ್ಸು. ನಿಜವಾದ ಫೈಲು ಒಳಗೆ ಅಡಗಿ ಕೂತಿರತ್ತೆ" ಅಂದ.

ಅವನು ಹೇಳಿದಂತೆ ಇಂಟರ್‌ನೆಟ್ ತೆಗೆದು, ಕಂಪ್ಯೂಟರಿಗೂ ಪೆನ್‌ಡ್ರೈವಿಗೂ ವಿಂಡೋಸಿನ ಡಿಫೆಂಡರ್‌ನಿಂದ ಸ್ಕ್ಯಾನ್ ಮಾಡಿಸಿದೆ. ಆಮೇಲೆ ಅಡಗಿದ ಫೈಲು ಕಾಣುವಂತೆ ಮಾಡಿದರೆ, ಹಾಡುಗಳೆಲ್ಲ ಮಸುಕು ಮಸುಕಾಗಿ ಅಲ್ಲೇ ಇದ್ದವು. ಕೂಡಲೇ ಬೇರೆ ಕಡೆ ಪ್ರತಿ ತೆಗೆದಿಟ್ಟೆ. ಒಲೆಯ ಮೇಲಿನ ಅನ್ನ ಅಷ್ಟರಲ್ಲಿ ತಳ ಹಿಡಿದಿತ್ತು.