ಹೊಲದ ನಡುವೆ ಗಾಂಜಾ ಗಿಡ ಸಿಕ್ಕಿದರೆ ಯಾರ ತಲೆಗೆ?

ಈ ಸಲ ಬೆಳೆ, ಗೊಬ್ಬರದ ಮಾತು ಬಿಟ್ಟು ಬೇರೆ ವಿಷಯ ಬರೀತಿದ್ದೀನಿ. ಉದ್ದ ಆಯ್ತು ಅಂತ ಅರ್ಧಕ್ಕೆ ಬಿಡಬೇಡಿ.

ಮುಸುಕಿನ ಜೋಳ ಆಳೆತ್ತರ ಬಂದಮೇಲೆ ನಾವ್ಯಾರೂ ಒಳಗೆ ಹೊಕ್ಕು ನೋಡಲ್ಲ. ಅಂಥ ಕಡೆಯೇ ಗಾಂಜಾ ಗಿಡ ಹಾಕ್ತಾರೆ. ನನ್ನ ನೆಂಟರೊಬ್ಬರು ಒಂದು ಎಕರೆ ವಾರಕ್ಕೆ ಕೊಟ್ಟಿದ್ದರು. ಎಲ್ಲಾ ಬಾಯಿಮಾತು. ಬರೆದುಕೊಟ್ಟರೆ ಜಮೀನು ಉಳುವವನ ಪಾಲಾಗುತ್ತೆ ಅನ್ನೋ ಹೆದರಿಕೆಗೆ ನಮ್ಮಲ್ಲಿ ಯಾರೂ ಬರೆಯಲ್ಲವಲ್ಲ. ಉಳ್ತಿದ್ದವನು ಜೋಳದ ಸಾಲಲ್ಲಿ ಹನ್ನೊಂದು ಗಿಡ ಬೆಳೆಸಿದ್ದ. ಪೊಲೀಸರು ಬಂದ ದಿನ ಅವನು ಪರಾರಿ. ಪಹಣಿ ಇವರ ಹೆಸರಲ್ಲಿ. ಓದು ಬಾರದ ಮನುಷ್ಯ, ತೋರಿಸಿದ ಕಡೆಯೆಲ್ಲಾ ಹೆಬ್ಬೆಟ್ಟು ಒತ್ತಿದರು. ಎರಡು ಕರೆಯೋ ಹಸು ಮಾರಿ ಕೇಸು ನಡೆಸಿದರು. ಕೋರ್ಟಿಗೆ ಅವರ ಜೊತೆ ಓಡಾಡಿದವನು ನಾನು. ಅಲ್ಲಿ ವಕೀಲರನ್ನು ಕೇಳಿ ಕೇಳಿ ತಿಳ್ಕೊಂಡಿದ್ದನ್ನ ಇಲ್ಲಿ ಹೇಳ್ತೀನಿ.

ಈ ಕಾನೂನಿನ ಹೆಸರು ಎನ್‌ಡಿಪಿಎಸ್ ಕಾಯ್ದೆ, 1985ರದು. ಗಾಂಜಾ ಗಿಡ ಬೆಳೆದರೆ 20ನೇ ಸೆಕ್ಷನ್ ಪ್ರಕಾರ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಒಂದೇ ಗಿಡ ಆದರೂ ಬೆಳೆದದ್ದು ಬೆಳೆದದ್ದೇ. 46ನೇ ಸೆಕ್ಷನ್ ಇನ್ನೊಂದು ಹೊಣೆ ಹೊರಿಸುತ್ತೆ. ನಮ್ಮ ಜಮೀನಲ್ಲಿ ಇಂಥ ಗಿಡ ಇದೆ ಅಂತ ಗೊತ್ತಾದ ಕೂಡಲೇ ನಾವೇ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಅದಕ್ಕೂ ಶಿಕ್ಷೆ. ಆದ್ದರಿಂದ ಕಂಡರೆ ರಾತ್ರೋರಾತ್ರಿ ಕಿತ್ತು ಬೇರೆಯವರ ಬದುವಿಗೆ ಎಸೆಯಬೇಡಿ. ಊರಿನ ನಾಲ್ಕು ಜನರನ್ನು ಕರೆದು ತೋರಿಸಿ, ಠಾಣೆಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿ ಇಸ್ಕೊಳ್ಳಿ.

ಈಗ ನಮ್ಮ ಹಕ್ಕಿನ ಮಾತು. 54ನೇ ಸೆಕ್ಷನ್ ಹೇಳೋದು "ತಾನು ಸಾಗುವಳಿ ಮಾಡಿದ ಜಮೀನಲ್ಲಿ" ಬೆಳೆದ ಗಿಡದ ಬಗ್ಗೆ. ಅದಕ್ಕೆ ಸರಿಯಾದ ವಿವರ ಕೊಡದಿದ್ದರೆ ಅವನದೇ ತಪ್ಪು ಅಂತ ಕೋರ್ಟು ಭಾವಿಸಬಹುದು. ಗಮನಿಸಿ, ಪಹಣಿಯಲ್ಲಿ ಹೆಸರಿದ್ದವನು ಅಂತಿಲ್ಲ, ಸಾಗುವಳಿ ಮಾಡಿದವನು ಅಂತಿದೆ. ಉತ್ತರ ಪ್ರದೇಶದ ಒಬ್ಬರ ಕೇಸಲ್ಲಿ ಸುಪ್ರೀಂ ಕೋರ್ಟು, ಗಿಡ ತಾನಾಗಿ ಹುಟ್ಟಿದ್ದರೆ ಅದು ಬೆಳೆಸಿದ್ದು ಅಂತ ಆಗಲ್ಲ ಅಂದು ಬಿಡುಗಡೆ ಮಾಡಿದೆ. ಹಾಗಾಗಿ ಉಳುತ್ತಿರೋದು ಯಾರು ಅನ್ನೋದು ಅಕ್ಕಪಕ್ಕದ ಹೊಲದವರಿಗೆ ಗೊತ್ತಿರಬೇಕು. ನಾಳೆ ಸಾಕ್ಷಿ ಹೇಳೋರು ಅವರೇ.

ವಾರಂಟ್ ಇಲ್ಲದೆ ಮನೆ, ಕೊಟ್ಟಿಗೆ ಶೋಧಿಸೋಕೆ ಕಾನ್‌ಸ್ಟೇಬಲ್‌ಗಿಂತ ಮೇಲಿನ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ಬೇಕು. ಸೂರ್ಯ ಮುಳುಗಿದ ಮೇಲೆ ಬಂದರೆ ಯಾಕೆ ಬಂದೆವು ಅನ್ನೋದನ್ನ ಬರೆದಿಡಬೇಕು. ನಮ್ಮ ಮೈ ತಪಾಸಣೆ ಮಾಡೋ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಮಾಡಿಸಿಕೊಳ್ಳೋ ಹಕ್ಕಿದೆ ಅಂತ ಅವರೇ ಹೇಳಬೇಕು. ಹೆಂಗಸರನ್ನು ಹೆಂಗಸರೇ ತಪಾಸಣೆ ಮಾಡಬೇಕು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲಿ ಶೋಧ, ಜಪ್ತಿ ಎಲ್ಲಾ ವಿಡಿಯೋ ಆಗಬೇಕು ಅಂತಿದೆ. ಕಾರಣವೇ ಇಲ್ಲದೆ ಕಿರುಕುಳ ಕೊಡೋಕೆ ಶೋಧ ಮಾಡಿದ ಅಧಿಕಾರಿಗೆ 58ನೇ ಸೆಕ್ಷನ್‌ನಲ್ಲಿ 6 ತಿಂಗಳವರೆಗೆ ಸಜೆ ಇದೆ. ಹಗೆ ಸಾಧಿಸೋಕೆ ಸುಳ್ಳು ಮಾಹಿತಿ ಕೊಟ್ಟು ಬಂಧಿಸಿದವರಿಗೂ ಶಿಕ್ಷೆ ಇದೆ.

ಹಕ್ಕಿದೆ ಅಂತ ಪೊಲೀಸರಿಗೆ ಅಡ್ಡ ನಿಲ್ಲಬೇಡಿ, ಕೈ ಮಾಡಬೇಡಿ. ಆದರೆ ಮಹಜರಿಗೆ ಸಹಿ ಹಾಕೋ ಮುಂಚೆ ಓದಿಸಿ ಕೇಳಿ. ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಜಪ್ತಿ ಪಟ್ಟಿಯ ಪ್ರತಿ ಕೇಳಿ.

ತೂಕದ ಮೇಲೂ ಕಣ್ಣಿರಲಿ. ಕಾಯ್ದೆಯಲ್ಲಿ ಗಾಂಜಾ ಅಂದರೆ ಹೂವು, ಕಾಯಿ ಇರೋ ತುದಿ ಮಾತ್ರ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಲೆಕ್ಕಕ್ಕಿಲ್ಲ. ಗಾಂಜಾ ಇಟ್ಟುಕೊಂಡಿದ್ದ ಅನ್ನೋ ಕೇಸಿನಲ್ಲಿ 1 ಕೆಜಿವರೆಗೆ ಸಣ್ಣ ಪ್ರಮಾಣ. 20 ಕೆಜಿ ದಾಟಿದರೆ ವಾಣಿಜ್ಯ ಪ್ರಮಾಣ, ಕನಿಷ್ಠ 10 ವರ್ಷ ಸಜೆ, ಜಾಮೀನು ಬಲು ಕಷ್ಟ. ಹಸಿ ಗಿಡವನ್ನು ಬೇರು, ಮಣ್ಣು, ಕಾಂಡ ಸಮೇತ ತೂಗಿದರೆ ಎಷ್ಟಾಗುತ್ತೆ ಯೋಚಿಸಿ. ಮಂಡಿಯಲ್ಲಿ ಮಣ್ಣು ಮೆತ್ತಿದ ಅರಿಸಿನವನ್ನ ಹಾಗೇ ತೂಗೋಕೆ ಯಾವ ವ್ಯಾಪಾರಿ ಒಪ್ತಾನೆ? ಹೇಗೆ ತೂಗಿದರು ಅನ್ನೋದನ್ನ ನಿಮ್ಮ ವಕೀಲರಿಗೆ ಮರೆಯದೆ ಹೇಳಿ.

ಕೊನೆಗೆ, "ಔಷಧಿಗೆ ಗಾಂಜಾ ಬೆಳೀಬಹುದು, ಬೀಜ ನಾವೇ ಕೊಡ್ತೀವಿ" ಅಂತ ಬರೋರ ಮಾತು. ಔಷಧಿಗೆ, ಸಂಶೋಧನೆಗೆ ಕಾಯ್ದೆಯಲ್ಲಿ ಅವಕಾಶ ಇದೆ ನಿಜ. ಆದರೆ ಸರ್ಕಾರದ ಲೈಸೆನ್ಸ್ ಇದ್ದರೆ ಮಾತ್ರ. ಉತ್ತರಾಖಂಡದಲ್ಲಿ ನಾರಿಗೆ, ಬೀಜಕ್ಕೆ ಅಂತ ನಶೆ ಕಮ್ಮಿ ಇರೋ ತಳಿಗೆ ಅನುಮತಿ ಕೊಡೋದು ಅಲ್ಲಿನ ಸರ್ಕಾರ, ಏಜೆಂಟರಲ್ಲ. ಆ ಕಾಗದ ನಮ್ಮ ಜಮೀನಿಗೆ ನಡೆಯಲ್ಲ. ಬಂದವರನ್ನ ನಿಮ್ಮ ಹೆಸರಲ್ಲಿ ಲೈಸೆನ್ಸ್ ಎಲ್ಲಿ ಅಂತ ಕೇಳಿ, ಇಲ್ಲ ಅಂದರೆ ಬೀಜ ಮುಟ್ಟಬೇಡಿ.

ವಾರಕ್ಕೆ ಕೊಟ್ಟಿದ್ದರೂ ಹದಿನೈದು ದಿನಕ್ಕೊಮ್ಮೆ ಸಾಲಿನೊಳಗೆ ನುಗ್ಗಿ ಒಂದು ಸುತ್ತು ಬನ್ನಿ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಹೇಳಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ವಕೀಲರಿಗೆ ದುಡ್ಡಿಲ್ಲ ಅಂದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲಾಂದ್ರೆ 15100ಕ್ಕೆ ಫೋನ್ ಮಾಡಿ. ಈ ನಂಬರ್ ನಮ್ಮ ನೆಂಟರಿಗೆ ಗೊತ್ತಾಗಿದ್ದು ಹಸು ಮಾರಿದ ಮೇಲೆ. ನೀವು ಇವತ್ತೇ ಬರೆದಿಟ್ಟುಕೊಳ್ಳಿ.